ಕಟ್ಟಡ ಕಾಮಗಾರಿಗೆ ವಿಮೆ: ಟೆಂಡರ್‌ನಿಂದ ಹಸ್ತಾಂತರದವರೆಗೆ ಪ್ರಾಜೆಕ್ಟ್ ಮ್ಯಾನೇಜರ್ ಮಾಡಬೇಕಾದ ಕೆಲಸ

ಸೈಟಿನಲ್ಲಿ ಅವಘಡವಾದ ಮೇಲೆ ಕ್ಲೇಮ್ ಬಾರದೆ ಹೋದರೆ, ಅದರ ಕಾರಣ ಹೆಚ್ಚಾಗಿ ಆ ದಿನದ್ದಾಗಿರುವುದಿಲ್ಲ. ಪಾಲಿಸಿ ಕೊಂಡ ದಿನವೇ ಪ್ರಪೋಸಲ್ ಫಾರ್ಮಿನಲ್ಲಿ ಬರೆದ ಮೌಲ್ಯ, ಹೆಸರು, ದಿನಾಂಕ, ಇವುಗಳಲ್ಲಿ ಒಂದು ಗುತ್ತಿಗೆ ಕರಾರಿಗೆ ತಾಳೆಯಾಗದೆ ಉಳಿದಿರುತ್ತದೆ. ವಿಮೆ ಎಂದರೆ ಅಕೌಂಟ್ಸ್ ವಿಭಾಗದ ಕೆಲಸ, ಪ್ರೀಮಿಯಂ ಕಟ್ಟಿದರೆ ಮುಗಿಯಿತು ಎಂದು ಬಿಟ್ಟುಕೊಟ್ಟ ಕಡೆಯಲ್ಲೇ ಹೀಗಾಗುವುದು. ಬಿಒಕ್ಯೂ (ಕೆಲಸದ ಐಟಂ, ಪ್ರಮಾಣ, ದರಗಳ ಪಟ್ಟಿ), ಕೆಲಸದ ವೇಳಾಪಟ್ಟಿ, ಸಬ್ ಕಾಂಟ್ರಾಕ್ಟರುಗಳ ಪಟ್ಟಿ ಮೂರೂ ಇರುವುದು ಪ್ರಾಜೆಕ್ಟ್ ಮ್ಯಾನೇಜರ್ ಕೈಯಲ್ಲಿ. ಆದ್ದರಿಂದ ಈ ಕೆಲಸವೂ ಅವರದೇ.

ಇಲ್ಲಿ ಉದಾಹರಣೆಗೆ ಬೆಂಗಳೂರಿನ ಒಂದು ವಸತಿ ಸಮುಚ್ಚಯವನ್ನು ಇಟ್ಟುಕೊಳ್ಳೋಣ: ಎರಡು ಬೇಸ್‌ಮೆಂಟ್, ಮೇಲೆ ಐದು ಮಹಡಿ, ಗುತ್ತಿಗೆ ಮೊತ್ತ 12 ಕೋಟಿ ರೂಪಾಯಿ, ಅವಧಿ 18 ತಿಂಗಳು, ದೋಷ ಹೊಣೆಗಾರಿಕೆ ಅವಧಿ (ಒಪ್ಪಿಸಿದ ಮೇಲೂ ದೋಷಗಳನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ) 12 ತಿಂಗಳು. ಲೆಕ್ಕಗಳೆಲ್ಲ ಕಲ್ಪಿತ. ನಿಯಮಗಳು ಭಾರತದ ಯಾವ ಸೈಟಿಗೂ ಹೊಂದುತ್ತವೆ.

ಮೊದಲು ಕರಾರು, ಆಮೇಲೆ ಪಾಲಿಸಿ

ಟೆಂಡರ್ ಹಾಕುವ ಮುಂಚೆಯೇ ಕರಾರಿನ ವಿಮಾ ಷರತ್ತನ್ನು ತೆಗೆದು ಓದಬೇಕು. ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳ ಮಾದರಿ ಟೆಂಡರ್ ದಾಖಲೆಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಮಾಲೀಕ ಮತ್ತು ಗುತ್ತಿಗೆದಾರ ಇಬ್ಬರ ಜಂಟಿ ಹೆಸರಿನಲ್ಲಿ, ಕೆಲಸ ಶುರುವಾದ ದಿನದಿಂದ ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೆ ವಿಮೆ ಇರಬೇಕು. ಕಾಮಗಾರಿ ಮತ್ತು ಸಾಮಗ್ರಿ, ಯಂತ್ರೋಪಕರಣ, ಇತರರ ಆಸ್ತಿ, ಜನರ ಗಾಯ ಹಾಗೂ ಸಾವು, ಈ ನಾಲ್ಕಕ್ಕೂ. ಗುತ್ತಿಗೆದಾರ ಮಾಡಿಸದಿದ್ದರೆ ಇಲಾಖೆಯೇ ಮಾಡಿಸಿ ಪ್ರೀಮಿಯಂ ಹಣವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಖಾಸಗಿ ಕರಾರುಗಳಲ್ಲಿ ಈ ಷರತ್ತು ಒಂದೇ ಸಾಲಿನದು: 'ಅಗತ್ಯವಾದ ಎಲ್ಲ ವಿಮೆಯನ್ನು ಗುತ್ತಿಗೆದಾರ ಮಾಡಿಸತಕ್ಕದ್ದು'. ಇಂಥ ಸಾಲು ಕಂಡರೆ ಸಹಿಗೆ ಮುಂಚೆ ನಾಲ್ಕು ವಿಷಯ ಬರವಣಿಗೆಯಲ್ಲಿ ಕೇಳಿ: ಯಾವ ಪಾಲಿಸಿ, ಎಷ್ಟು ಮೊತ್ತ, ಯಾರ ಹೆಸರು, ಎಕ್ಸೆಸ್ (ಕ್ಲೇಮಿನಲ್ಲಿ ವಿಮಾ ಕಂಪನಿ ಕೊಡದೆ ಕಳೆಯುವ ಭಾಗ) ಯಾರ ಕಿಸೆಯಿಂದ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮಳೆ ನೀರು ನುಗ್ಗಿ ಎಕ್ಸೆಸ್ಸೇ ಮೂರು ಲಕ್ಷವಾದಾಗ ಜಗಳ ಶುರುವಾಗುವುದು ಅಲ್ಲಿಂದಲೇ.

ಕೊಟೇಶನ್ನು ಟೆಂಡರ್ ಹಂತದಲ್ಲೇ ತರಿಸಿ, ದರದಲ್ಲಿ ಸೇರಿಸಿ. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಇದೆ, ಅದನ್ನು ಮರೆಯಬೇಡಿ.

ಮುಖ್ಯ ಪಾಲಿಸಿ: ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್

ಬಾಯಿಮಾತಿನಲ್ಲಿ ಇದನ್ನು 'ಕಾರ್ ಪಾಲಿಸಿ' ಎನ್ನುತ್ತಾರೆ. ಸಿವಿಲ್ ಕೆಲಸವೇ ಹೆಚ್ಚಿರುವ ಕಾಮಗಾರಿಗೆ ಇದು. ಯಂತ್ರ ಜೋಡಣೆಯೇ ಹೆಚ್ಚಿದ್ದರೆ ಇರೆಕ್ಷನ್ ಆಲ್ ರಿಸ್ಕ್ ಎಂಬ ಅಣ್ಣತಮ್ಮ ಪಾಲಿಸಿ ಇದೆ. ಕಾರ್ ಪಾಲಿಸಿಯಲ್ಲಿ ಎರಡು ಭಾಗ. ಒಂದನೆಯದು ಕಾಮಗಾರಿಗೇ ಆಗುವ ಹಾನಿ. ಎರಡನೆಯದು ಹೊರಗಿನವರ ಜೀವಕ್ಕೆ, ಆಸ್ತಿಗೆ ಆಗುವ ಹಾನಿಯ ಹೊಣೆ.

'ಆಲ್ ರಿಸ್ಕ್' ಎಂಬ ಹೆಸರನ್ನು ನಂಬಿ ಕೂರಬಾರದು. ಪಾಲಿಸಿಯಲ್ಲಿ ಹೊರಗಿಟ್ಟದ್ದನ್ನು ಬಿಟ್ಟು ಉಳಿದೆಲ್ಲ ಒಳಗೆ ಎಂಬುದು ಅದರ ಅರ್ಥ, ಮತ್ತು ಹೊರಗಿಟ್ಟ ಪಟ್ಟಿ ಉದ್ದವಿದೆ: ತಪ್ಪು ವಿನ್ಯಾಸ, ಸವಕಳಿ, ತುಕ್ಕು, ದಾಸ್ತಾನು ಎಣಿಸುವಾಗ ಮಾತ್ರ ಕಂಡುಬರುವ ಕೊರತೆ, ತಡವಾದದ್ದಕ್ಕೆ ದಂಡ, ಕೆಲಸ ನಿಂತುಹೋದ ಕಾರಣದಿಂದಾದ ನಷ್ಟ, ರಸ್ತೆಗೆ ನೋಂದಾಯಿತ ವಾಹನ, ಯುದ್ಧ, ಅಣುವಿಕಿರಣ.

ಕಳಪೆ ಕೆಲಸದ ವಿಷಯದಲ್ಲಿ ಗೊಂದಲ ಹೆಚ್ಚು. ಮೂರನೇ ಮಹಡಿಯ ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಸ್ಪ್ಯಾನ್‌ಗಳಿಗೆ ಅಡ್ಡ ಬಿಗಿ ಕಟ್ಟದೆ ಸ್ಲ್ಯಾಬ್ ಕುಸಿಯಿತು ಎನ್ನಿ. ದೋಷವಿದ್ದ ಭಾಗವನ್ನು ಸರಿಯಾಗಿ ಮಾಡುವ ಖರ್ಚು ನಿಮ್ಮದು. ಆ ದೋಷದಿಂದಾಗಿ ಸರಿಯಿದ್ದ ಬೇರೆ ಭಾಗಕ್ಕೆ, ಅಂದರೆ ಕೆಳಗಿನ ಸ್ಲ್ಯಾಬ್, ಗೋಡೆ, ಪೈಪುಗಳಿಗೆ ಆದ ಹಾನಿಯನ್ನು ಸಾಮಾನ್ಯ ಪಾಲಿಸಿ ಕೊಡುತ್ತದೆ. ವಿನ್ಯಾಸದ ತಪ್ಪಾದರೆ ಅದಕ್ಕೆಂದೇ ಇರುವ 'ಡಿಸೈನರ್ಸ್ ರಿಸ್ಕ್' ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು) ಇಲ್ಲದೆ ಏನೂ ಬರುವುದಿಲ್ಲ. ವಿನ್ಯಾಸವೂ ಗುತ್ತಿಗೆದಾರನದೇ ಆದ ಡಿಸೈನ್ ಅಂಡ್ ಬಿಲ್ಡ್ ಕರಾರಾದರೆ ಅದನ್ನು ಬಿಡಲೇಬೇಡಿ.

ಇನ್ನೊಂದು: ಸೆಂಟ್ರಿಂಗ್ ಶೀಟು, ಸ್ಪ್ಯಾನು, ಕಪ್‌ಲಾಕ್, ಮಿಕ್ಸರ್ ಇವೆಲ್ಲ ಕಾಮಗಾರಿಯ ಮೌಲ್ಯದೊಳಗೆ ತಾವಾಗಿಯೇ ಸೇರುವುದಿಲ್ಲ. ಪಾಲಿಸಿ ಶೆಡ್ಯೂಲಿನಲ್ಲಿ ಉಪಕರಣಗಳಿಗೆ ಪ್ರತ್ಯೇಕ ಸಾಲಿದೆ. ಅಲ್ಲಿ ಮೊತ್ತ ಬರೆಸದಿದ್ದರೆ ಸ್ಲ್ಯಾಬಿಗೆ ಹಣ ಬಂದರೂ ಅದರಡಿ ನುಜ್ಜುಗುಜ್ಜಾದ ಶೀಟುಗಳಿಗೆ ಬಿಡಿಗಾಸು ಬರುವುದಿಲ್ಲ.

ವಿಮಾ ಮೊತ್ತದ ಲೆಕ್ಕ

ನಿಯಮ ಸರಳ: ಕೆಲಸ ಮುಗಿದಾಗ ಕಾಮಗಾರಿಯ ಪೂರ್ತಿ ಮೌಲ್ಯ ಎಷ್ಟಿರುತ್ತದೋ ಅಷ್ಟು. ಸಾಮಗ್ರಿ, ಕೂಲಿ, ಸಾಗಣೆ, ತೆರಿಗೆ, ಮಾಲೀಕರು ತಾವೇ ಕೊಡಿಸುವ ಸಾಮಗ್ರಿ ಎಲ್ಲವೂ ಸೇರಿ. ನಮ್ಮ ಉದಾಹರಣೆಯಲ್ಲಿ ಗುತ್ತಿಗೆ 12 ಕೋಟಿ. ಮಾಲೀಕರು ಕೊಡಿಸುವ ಕಂಬಿ, ಸಿಮೆಂಟು ತೆರಿಗೆ ಸೇರಿ 2 ಕೋಟಿ. ಗುತ್ತಿಗೆಯ ಮೇಲೆ 18% ಜಿಎಸ್‌ಟಿ 2.16 ಕೋಟಿ. ಒಟ್ಟು 16.16 ಕೋಟಿ.

ಗುತ್ತಿಗೆ ಪತ್ರ ನೋಡಿ 12 ಕೋಟಿಗೆ ಪಾಲಿಸಿ ಮಾಡಿಸಿದ್ದೀರಿ ಎನ್ನಿ. ಬೇಸ್‌ಮೆಂಟಿಗೆ ನೀರು ನುಗ್ಗಿ 40 ಲಕ್ಷ ನಷ್ಟವಾಯಿತು. ವಿಮಾ ಕಂಪನಿಯ ಪರವಾಗಿ ನಷ್ಟ ಅಳೆಯುವ ಸರ್ವೇಯರ್ 'ಆವರೇಜ್', ಅಂದರೆ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದಕ್ಕೆ ಅದೇ ಅನುಪಾತದ ಕಡಿತ, ಹಚ್ಚುತ್ತಾರೆ: 40 ಲಕ್ಷವನ್ನು 12ರಿಂದ ಗುಣಿಸಿ 16.16ರಿಂದ ಭಾಗಿಸಿದರೆ 29.70 ಲಕ್ಷ. ಎಕ್ಸೆಸ್ 5% ಎಂದಿದ್ದರೆ 1.48 ಲಕ್ಷ ಕಳೆದು ಕೈಗೆ ಸಿಗುವುದು ಸುಮಾರು 28.2 ಲಕ್ಷ. ಪ್ರೀಮಿಯಂನಲ್ಲಿ ಉಳಿಸಿದ್ದು ಕೆಲವು ಸಾವಿರ, ಕಳೆದದ್ದು ಹತ್ತು ಲಕ್ಷಕ್ಕೂ ಮೇಲೆ. ನೀರು ನುಗ್ಗಿದ್ದು ಮಾಲೀಕರು ಕೊಡಿಸಿದ ಸಾಮಗ್ರಿಗಲ್ಲ, ನಮ್ಮ ಕೆಲಸಕ್ಕೆ ಮಾತ್ರ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಕಡಿತ ಇಡೀ ಮೌಲ್ಯದ ಅನುಪಾತದಲ್ಲೇ ಆಗುತ್ತದೆ.

ಜಿಎಸ್‌ಟಿ ಸೇರಿಸಬೇಕೇ ಬೇಡವೇ ಎಂಬುದು ಇನ್‌ಪುಟ್ ಕ್ರೆಡಿಟ್ ಸಿಗುತ್ತದೆಯೇ ಎಂಬುದನ್ನು ಅವಲಂಬಿಸಿದೆ. ವಾಪಸು ಸಿಗುವ ತೆರಿಗೆಯನ್ನು ವಿಮಾ ಕಂಪನಿ ನಷ್ಟವೆಂದು ಒಪ್ಪುವುದಿಲ್ಲ. 1% ಅಥವಾ 5% ದರದಲ್ಲಿ ಮನೆ ಮಾರುವ ಡೆವಲಪರ್‌ಗೆ ಕ್ರೆಡಿಟ್ ಇಲ್ಲ, ಹಾಗಾಗಿ ಅವರಿಗೆ ಅದು ನಿಜವಾದ ಖರ್ಚೇ. ಯಾವ ಲೆಕ್ಕದಲ್ಲಿ ಮೊತ್ತ ನಿಗದಿಯಾಗಿದೆ ಎಂದು ಬ್ರೋಕರ್‌ನಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಕೆಲಸ ನಡೆಯುವಾಗ ಹೆಚ್ಚುವರಿ ಐಟಂಗಳು ಬರುತ್ತವೆ, ಕಂಬಿಯ ದರ ಏರುತ್ತದೆ. ಅದಕ್ಕೆ ಎಸ್ಕಲೇಶನ್ ಷರತ್ತು ಹಾಕಿಸಬಹುದು. ಹಾಕಿಸಿದರೂ ಪ್ರತಿ ಮೂರು ತಿಂಗಳಿಗೊಮ್ಮೆ ಪರಿಷ್ಕೃತ ಅಂದಾಜನ್ನು ಪಾಲಿಸಿ ಮೊತ್ತದ ಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಹೆಸರುಗಳು

ಪಾಲಿಸಿಯಲ್ಲಿ ವಿಮೆ ಪಡೆದವರ ಪಟ್ಟಿಯಲ್ಲಿ ಮಾಲೀಕ, ಮುಖ್ಯ ಗುತ್ತಿಗೆದಾರ, ಎಲ್ಲ ಹಂತದ ಸಬ್ ಕಾಂಟ್ರಾಕ್ಟರುಗಳು ಇರಬೇಕು. ಸಾಲ ಕೊಟ್ಟ ಬ್ಯಾಂಕಿದ್ದರೆ ಅದರ ಹಕ್ಕೂ ನಮೂದಾಗಬೇಕು. ಸಬ್ ಕಾಂಟ್ರಾಕ್ಟರನ್ನು ಏಕೆ ಸೇರಿಸಬೇಕು ಎಂದರೆ, ವಿಮಾ ಕಂಪನಿ ನಿಮಗೆ ಹಣ ಕೊಟ್ಟ ಮೇಲೆ ನಷ್ಟಕ್ಕೆ ಕಾರಣರಾದವರ ಮೇಲೆ ನಿಮ್ಮ ಜಾಗದಲ್ಲಿ ನಿಂತು ವಸೂಲಿ ಮಾಡಬಹುದು. ವೆಲ್ಡಿಂಗ್ ಕಿಡಿಯಿಂದ ಬೆಂಕಿ ಹೊತ್ತಿಸಿದ ಪ್ಲಂಬಿಂಗ್ ಗುತ್ತಿಗೆದಾರ ಪಟ್ಟಿಯಲ್ಲಿಲ್ಲದಿದ್ದರೆ ನೋಟಿಸು ಅವನಿಗೆ ಹೋಗುತ್ತದೆ, ಮರುದಿನ ಅವನ ಹುಡುಗರು ಸೈಟಿಗೆ ಬರುವುದಿಲ್ಲ. 'ಸಬ್‌ರೋಗೇಶನ್ ವೇವರ್' ಎಂಬ, ಕಂಪನಿ ಆ ವಸೂಲಿ ಹಕ್ಕನ್ನು ಬಿಟ್ಟುಕೊಡುವ ಷರತ್ತು ಇದಕ್ಕೇ. ಹೆಸರುಗಳು ಹೆಚ್ಚಾದಾಗ ಒಬ್ಬರ ಮೇಲೊಬ್ಬರ ಹೊಣೆಯನ್ನೂ ಪಾಲಿಸಿ ಹೊರಬೇಕಾದರೆ ಕ್ರಾಸ್ ಲಯಬಿಲಿಟಿ ಎಂಡಾರ್ಸ್‌ಮೆಂಟ್ ಬೇಕು.

ಬೆಂಗಳೂರಿನ ಬೇಸ್‌ಮೆಂಟಿಗೆ ಬಿಡಬಾರದ ಎಂಡಾರ್ಸ್‌ಮೆಂಟುಗಳು

ಪಕ್ಕದ ಗೋಡೆಗೆ ಅಂಟಿಕೊಂಡಂತೆ ಏಳೆಂಟು ಮೀಟರ್ ಆಳಕ್ಕೆ ಅಗೆಯುವ ಸೈಟಿನಲ್ಲಿ ಅತಿ ದೊಡ್ಡ ಅಪಾಯ ನಿಮ್ಮ ಕಟ್ಟಡದ್ದಲ್ಲ, ನೆರೆಮನೆಯದು. ಪಾಲಿಸಿಯ ಎರಡನೇ ಭಾಗ ಹೊರಗಿನವರ ಆಸ್ತಿಗೆ ಹೊಣೆ ಹೊರುತ್ತದೆ ನಿಜ. ಆದರೆ ಕಂಪನದಿಂದ, ಅಥವಾ ಮಣ್ಣಿನ ಆಧಾರ ತೆಗೆದದ್ದರಿಂದ, ದುರ್ಬಲಗೊಳಿಸಿದ್ದರಿಂದ ಆಗುವ ಹಾನಿ ಅಲ್ಲಿ ಹೊರಗಿದೆ. ಅದನ್ನು ಒಳತರುವುದು 'ವೈಬ್ರೇಶನ್, ರಿಮೂವಲ್ ಆರ್ ವೀಕನಿಂಗ್ ಆಫ್ ಸಪೋರ್ಟ್' ಎಂಡಾರ್ಸ್‌ಮೆಂಟ್. ಅದರ ಷರತ್ತುಗಳು ಕಟ್ಟುನಿಟ್ಟು:

- ಕೆಲಸ ಶುರುವಾಗುವ ಮುಂಚೆ ನೆರೆಯ ಕಟ್ಟಡ ಸುಸ್ಥಿತಿಯಲ್ಲಿತ್ತು ಎಂಬುದು ಸಾಬೀತಾಗಬೇಕು.
- ಹಾನಿ ತಡೆಯುವ ಕ್ರಮ, ಎಂದರೆ ಶೋರಿಂಗ್, ಶೀಟ್ ಪೈಲ್, ಸಾಯಿಲ್ ನೈಲಿಂಗ್ ಇತ್ಯಾದಿ ಮುಂಚೆಯೇ ಆಗಿರಬೇಕು.
- ಸಾಮಾನ್ಯ ಪಠ್ಯದಲ್ಲಿ ಪೂರ್ತಿ ಅಥವಾ ಭಾಗಶಃ ಕುಸಿತಕ್ಕೆ ಮಾತ್ರ ಪರಿಹಾರ. ಕಟ್ಟಡದ ಭದ್ರತೆಗೆ ಧಕ್ಕೆ ತರದ ಬಿರುಕುಗಳಿಗೆ ಇಲ್ಲ.

ಹಾಗಾಗಿ ಅಗೆತಕ್ಕೆ ಮುಂಚೆ ಮೂರೂ ಬದಿಯ ಮನೆಗಳ ಒಳಹೊರಗನ್ನು ದಿನಾಂಕ ಬರುವಂತೆ ಫೋಟೊ, ವಿಡಿಯೊ ತೆಗೆದು, ಇರುವ ಬಿರುಕಿನ ಅಗಲ ಅಳೆದು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯ ವರದಿ ಮಾಡಿಸಿ, ಮನೆಯವರ ಸಹಿ ಪಡೆಯಬೇಕು. 'ನಮ್ಮ ಮನೆಯೊಳಗೆ ಯಾಕ್ರೀ ಫೋಟೊ' ಎಂದು ಕೇಳುತ್ತಾರೆ, ಬಿರುಕಿನ ಮೇಲೆ ಅಂಟಿಸುವ ಗಾಜಿನ ಪಟ್ಟಿ ತೋರಿಸಿ ವಿವರಿಸಿದರೆ ಒಪ್ಪುತ್ತಾರೆ. ಈ ವರದಿ ಇಲ್ಲದೆ ಬರೀ ಎಂಡಾರ್ಸ್‌ಮೆಂಟ್ ಕೊಂಡರೆ ದುಡ್ಡು ದಂಡ.

ಜೆಸಿಬಿ ಬಕೆಟ್ಟಿಗೆ ನೆಲದಡಿಯ ಕೇಬಲ್, ನೀರಿನ ಪೈಪು, ಗ್ಯಾಸ್ ಲೈನ್ ಸಿಕ್ಕಿದರೆ? ಅದಕ್ಕೂ ಪ್ರತ್ಯೇಕ ಷರತ್ತಿದೆ: ಅಗೆಯುವ ಮುಂಚೆ ಬೆಸ್ಕಾಂ, ಜಲಮಂಡಳಿ, ಗ್ಯಾಸ್ ಕಂಪನಿಯವರನ್ನು ಲೈನುಗಳ ಜಾಗ ಕೇಳಿರಬೇಕು. ಕೇಳಿದ ಪತ್ರದ ಪ್ರತಿ, ಸ್ವೀಕೃತಿ ಮುದ್ರೆ ಸಮೇತ ಫೈಲಿನಲ್ಲಿರಲಿ. ಉತ್ತರ ಬಾರದಿದ್ದರೂ ಕೇಳಿದ್ದಕ್ಕೆ ಸಾಕ್ಷಿ ಇರುತ್ತದೆ.

ಇವಲ್ಲದೆ ಅವಶೇಷ ತೆರವಿನ ಖರ್ಚು, ಮಾಲೀಕರ ಈಗಿರುವ ಕಟ್ಟಡ, ಭೂಕಂಪ, ಭಯೋತ್ಪಾದನೆ ಇವನ್ನೂ ಕೇಳಿ ನೋಡಿ. ಕುಸಿದ ಕಾಂಕ್ರೀಟನ್ನು ಒಡೆದು ಸಾಗಿಸುವ ಖರ್ಚು ಎಷ್ಟೋ ಸಲ ಹೊಸ ಕಾಂಕ್ರೀಟಿನಷ್ಟೇ ಆಗುತ್ತದೆ. ಅವಶೇಷದ ಮಿತಿಯನ್ನು ನೆಪಕ್ಕೆ ಒಂದೆರಡು ಲಕ್ಷ ಹಾಕಿಸಿದರೆ ಸಾಲದು.

ಮಳೆಗೆ ಸಂಬಂಧಿಸಿ ಪಾಲಿಸಿಯಲ್ಲಿ ಸುರಕ್ಷತಾ ಷರತ್ತು ಇರುತ್ತದೆ. ಆ ಜಾಗದ ಹಿಂದಿನ ವರ್ಷಗಳ ಮಳೆ, ಪ್ರವಾಹದ ದಾಖಲೆ ನೋಡಿ ತಕ್ಕ ಏರ್ಪಾಡು ಮಾಡಿರಬೇಕು ಎನ್ನುತ್ತದೆ ಅದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆ ಮುಳುಗಿದ್ದು ಎಲ್ಲರಿಗೂ ಗೊತ್ತಿರುವಾಗ, ಅದೇ ಕಣಿವೆಯ ಸೈಟಿನಲ್ಲಿ ಒಂದು ಪಂಪೂ ಇಡದೆ 'ಅನಿರೀಕ್ಷಿತ ಮಳೆ' ಎಂದರೆ ಸರ್ವೇಯರ್ ಒಪ್ಪುವುದಿಲ್ಲ. ಪಂಪು, ಅದಕ್ಕೆ ಡೀಸೆಲ್ ಜನರೇಟರ್, ರ‍್ಯಾಂಪ್ ಬಾಯಲ್ಲಿ ಮಣ್ಣಿನ ಚೀಲದ ತಡೆ, ಪಂಪು ಓಡಿಸಿದ ದಿನಗಳ ಲಾಗ್, ಇಷ್ಟಿರಲಿ. ಸಿಮೆಂಟು ಗೋದಾಮನ್ನು ಬೇಸ್‌ಮೆಂಟಿನಲ್ಲಿ ಮಾಡಬೇಡಿ.

ಕಾರ್ಮಿಕರು: ಪ್ರತ್ಯೇಕ ಪಾಲಿಸಿ

ಕಾರ್ ಪಾಲಿಸಿಯ 'ಹೊರಗಿನವರು' ಎಂಬ ಮಾತಿನಲ್ಲಿ ನಿಮ್ಮ ಕಾರ್ಮಿಕರು ಸೇರುವುದಿಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬದ ಕಂಬಿಯ ಚೌಕಟ್ಟು ರಸ್ತೆಗೆ ಬಿದ್ದು ಬೈಕಿನಲ್ಲಿ ಹೋಗುತ್ತಿದ್ದ ತಾಯಿ, ಮಗು ತೀರಿಕೊಂಡರು. ಅಂಥ ದಾರಿಹೋಕರ ಹೊಣೆ ಬರುವುದು ಎರಡನೇ ಭಾಗಕ್ಕೆ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ಒಳಗಿದ್ದ ಕಾರ್ಮಿಕರು ಸತ್ತರು. ಅಂಥ ಸಾವಿನ ಹೊಣೆಗೆ ನೌಕರರ ಪರಿಹಾರ ಪಾಲಿಸಿಯೇ ಬೇಕು.

ಸಾವಿಗೆ ಪರಿಹಾರದ ಸೂತ್ರ: ತಿಂಗಳ ಕೂಲಿಯ 50%, ಅದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 60%. 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ತೆಗೆದುಕೊಳ್ಳುವ ಕೂಲಿಯ ಮಿತಿ ತಿಂಗಳಿಗೆ 15,000 ರೂಪಾಯಿ. ಮೂವತ್ತು ವರ್ಷದ ಬಾರ್ ಬೆಂಡರ್‌ಗೆ ಗುಣಕ 207.98. ಹಾಗಾದರೆ 7,500 ಗುಣಿಸು 207.98, ಒಟ್ಟು 15,59,850 ರೂಪಾಯಿ. ಇದು ಒಬ್ಬನದು. ಒಂದು ತಿಂಗಳೊಳಗೆ ಠೇವಣಿ ಇಡದಿದ್ದರೆ ವರ್ಷಕ್ಕೆ 12% ಬಡ್ಡಿ, ಸಕಾರಣವಿಲ್ಲದ ತಡವಾದರೆ 50%ವರೆಗೆ ದಂಡ. ದಂಡವನ್ನು ವಿಮಾ ಕಂಪನಿ ಹೊರುವುದಿಲ್ಲ.

1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸೂತ್ರ ಬದಲಾಗಿಲ್ಲ. ಆದರೆ ಕೆಲಸಕ್ಕೆ ಬರುವ, ಹೋಗುವ ದಾರಿಯಲ್ಲಾದ ಅಪಘಾತವೂ ಈಗ ಒಳಬರಬಹುದು. ಪಾಲಿಸಿಯಲ್ಲಿ ಹಳೆಯ ಕಾಯ್ದೆಯ ಹೆಸರೊಂದೇ ಇದ್ದರೆ, ಹೊಸ ಸಂಹಿತೆಯಡಿಯ ಹೊಣೆಗೂ ಅನ್ವಯಿಸುತ್ತದೆ ಎಂದು ಕಂಪನಿಯಿಂದ ಬರೆಸಿಕೊಳ್ಳಿ.

ಪ್ರೀಮಿಯಂ ನಿಗದಿಯಾಗುವುದು ನೀವು ಘೋಷಿಸುವ ಕೂಲಿಯ ಮೇಲೆ. ಇಲ್ಲೇ ಎಡವುವುದು. ನಮ್ಮ ಸೈಟಿನಲ್ಲಿ ಜನ ಒಂದೇ ಸಮ ಇರುವುದಿಲ್ಲ: ಪಾಯದ ಹಂತದಲ್ಲಿ 25, ಮೋಲ್ಡ್ ದಿನಗಳಲ್ಲಿ 80, ಫಿನಿಶಿಂಗ್‌ನಲ್ಲಿ 40. ಸರಾಸರಿ 45 ಎಂದು, ಕಾರ್ಮಿಕರ ಹೆಸರು ಬರೆಯದ ಪಾಲಿಸಿ ಮಾಡಿಸಿ, ಅಪಘಾತದ ದಿನ ಮಸ್ಟರ್ ರೋಲಿನಲ್ಲಿ 80 ಜನ ಕಂಡರೆ ಕಂಪನಿ ತಕರಾರು ತೆಗೆಯುತ್ತದೆ. ಗರಿಷ್ಠ ಸಂಖ್ಯೆ ಘೋಷಿಸಿ, ಇಲ್ಲವೇ ಮೋಲ್ಡ್ ವಾರಕ್ಕೆ ಮುಂಚೆ ಸಂಖ್ಯೆ ಹೆಚ್ಚಿಸಿ. ಗಾರೆ, ಸೆಂಟ್ರಿಂಗ್, ಬಣ್ಣ, ಎತ್ತರದ ಕೆಲಸ ಇವನ್ನು ಬೇರೆ ಬೇರೆ ವರ್ಗವಾಗಿ ತೋರಿಸಬೇಕು. ಎಲ್ಲರನ್ನೂ 'ಹೆಲ್ಪರ್' ಎಂದು ಬರೆಯುವ ಚಾಳಿ ಅಗ್ಗವೆನಿಸಿದರೂ ಒಂಬತ್ತನೇ ಅಡಿಯಿಂದ ಸೆಂಟ್ರಿಂಗ್ ಕೆಲಸಗಾರ ಬಿದ್ದ ದಿನ ದುಬಾರಿ.

ಮೇಸ್ತ್ರಿಯ ಜನ ನಮ್ಮವರಲ್ಲ ಎನ್ನುವಂತಿಲ್ಲ. ಗುತ್ತಿಗೆದಾರನ ಕೆಳಗಿನವರಿಗೂ ಮೊದಲು ಪ್ರಧಾನ ಗುತ್ತಿಗೆದಾರನೇ ಕೊಡಬೇಕು, ಆಮೇಲೆ ಕೆಳಗಿನವನಿಂದ ವಸೂಲಿ ಮಾಡಬಹುದು ಎನ್ನುತ್ತದೆ ಕಾನೂನು. ಮೇಸ್ತ್ರಿಯ ಬಳಿ ವಸೂಲಿ ಮಾಡಲು ಏನಿರುತ್ತದೆ ಎಂಬುದು ಬೇರೆ ಮಾತು. ಆದ್ದರಿಂದ 'ಕಾಂಟ್ರಾಕ್ಟರ್ಸ್ ಎಂಪ್ಲಾಯೀಸ್' ವಿಸ್ತರಣೆ ಮತ್ತು ವೈದ್ಯಕೀಯ ವೆಚ್ಚದ ವಿಸ್ತರಣೆ ಎರಡನ್ನೂ ಹಾಕಿಸಿ. ಎರಡನೆಯದು ಇಲ್ಲದೆ ಹೋದರೆ ಆಸ್ಪತ್ರೆ ಬಿಲ್ಲನ್ನು ಕೈಯಿಂದಲೇ ಕಟ್ಟಬೇಕಾಗುತ್ತದೆ.

ಇಎಸ್ಐ ಜಾರಿಯಿರುವ ಪ್ರದೇಶಗಳಲ್ಲಿ 2015ರ ಆಗಸ್ಟ್ 1ರಿಂದ ಕಟ್ಟಡ ಸೈಟುಗಳ ಕಾರ್ಮಿಕರೂ ಅದರ ವ್ಯಾಪ್ತಿಗೆ ಬಂದಿದ್ದಾರೆ, ತಿಂಗಳ ಕೂಲಿ 21,000 ರೂಪಾಯಿವರೆಗೆ. ಇಎಸ್ಐ ಸಿಗುವವರಿಗೆ ಅದೇ ಗಾಯಕ್ಕೆ ಮಾಲೀಕನಿಂದ ಪ್ರತ್ಯೇಕ ಪರಿಹಾರವಿಲ್ಲ. ಯಾರು ಇಎಸ್ಐನಲ್ಲಿ, ಯಾರು ಪಾಲಿಸಿಯಲ್ಲಿ ಎಂಬ ಎರಡು ಪಟ್ಟಿಯನ್ನು ಗೇಟಿನ ಹಾಜರಾತಿಯ ಜೊತೆ ವಾರಕ್ಕೊಮ್ಮೆ ತಾಳೆ ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ 1% ಸೆಸ್ ಕಟ್ಟಿದ್ದೇವೆ, ಅದೇ ವಿಮೆ ಎಂದು ತಿಳಿದವರಿದ್ದಾರೆ. ಮಂಡಳಿಯ ಸಹಾಯಧನ ನೋಂದಾಯಿತ ಕಾರ್ಮಿಕನ ಸ್ವಂತ ಹಕ್ಕು. ಅದರಿಂದ ನಿಮ್ಮ ಹೊಣೆ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಯಂತ್ರಗಳು

ಸ್ವಂತ ಎಕ್ಸ್‌ಕವೇಟರ್, ಕ್ರೇನ್, ಬ್ಯಾಚಿಂಗ್ ಪ್ಲಾಂಟ್ ಇದ್ದರೆ ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮಷಿನರಿ ಎಂಬ ವಾರ್ಷಿಕ ಪಾಲಿಸಿ. ಮೊತ್ತ ಬರೆಯಬೇಕಾದದ್ದು ಅದೇ ಯಂತ್ರದ ಇಂದಿನ ಹೊಸ ಬೆಲೆ, ಸವಕಳಿ ಕಳೆದ ಪುಸ್ತಕದ ಬೆಲೆಯಲ್ಲ. ಒಳಗಿನ ಯಾಂತ್ರಿಕ, ವಿದ್ಯುತ್ ಕೆಡುಕು ಇದರಲ್ಲಿ ಬರುವುದಿಲ್ಲ. ರಸ್ತೆಗಿಳಿಯುವ ಯಂತ್ರಕ್ಕೆ ಮೋಟಾರು ವಿಮೆ ಕಡ್ಡಾಯ. ಆದರೆ ಮೋಟಾರು ಪಾಲಿಸಿಯಲ್ಲಿ, ಯಂತ್ರ ಉಪಕರಣವಾಗಿ ಕೆಲಸ ಮಾಡುತ್ತಿರುವಾಗ ಮಗುಚಿಕೊಂಡರೆ ಹಣವಿಲ್ಲ, ಹೆಚ್ಚುವರಿ ಪ್ರೀಮಿಯಂ ಕಟ್ಟಿ 'ಓವರ್‌ಟರ್ನಿಂಗ್' ಹಾಕಿಸಿದ್ದರೆ ಬೇರೆ. ಬಾಡಿಗೆ ಯಂತ್ರವಾದರೆ ಗೇಟಿನೊಳಗೆ ಬಿಡುವ ಮುಂಚೆಯೇ ಪಾಲಿಸಿ ಪ್ರತಿ, ಆಪರೇಟರ್ ಲೈಸೆನ್ಸ್ ಪಡೆಯಿರಿ.

ನೀವು ಸ್ವತಂತ್ರ ಪಿಎಂಸಿ (ಯೋಜನಾ ನಿರ್ವಹಣಾ ಕನ್ಸಲ್ಟೆಂಟ್) ಆಗಿದ್ದರೆ

ಸಂಬಳಕ್ಕಿರುವ ಮ್ಯಾನೇಜರ್ ಬೇರೆ, ಶುಲ್ಕ ಪಡೆದು ಯೋಜನೆ ನಿರ್ವಹಿಸುವ ಕನ್ಸಲ್ಟೆಂಟ್ ಬೇರೆ. ಎರಡನೆಯವರ ಸಲಹೆ, ಮೇಲ್ವಿಚಾರಣೆ, ಬಿಲ್ ದೃಢೀಕರಣದ ತಪ್ಪಿನಿಂದ ಮಾಲೀಕರಿಗೆ ನಷ್ಟವಾದರೆ ಕಾರ್ ಪಾಲಿಸಿ ನೆರವಿಗೆ ಬರುವುದಿಲ್ಲ. ಪ್ರೊಫೆಷನಲ್ ಇಂಡೆಮ್ನಿಟಿ ಬೇಕು.

ಇದರ ಸ್ವಭಾವವೇ ಬೇರೆ. ತಪ್ಪು ನಡೆದ ವರ್ಷದ ಪಾಲಿಸಿಯಲ್ಲ, ಮಾಲೀಕರು ನಿಮ್ಮಿಂದ ಪರಿಹಾರ ಕೇಳಿದ ವರ್ಷದ ಪಾಲಿಸಿ ಜೀವಂತವಿರಬೇಕು. ತಪ್ಪು ನಡೆದದ್ದು ಪಾಲಿಸಿಯ 'ರೆಟ್ರೊಆಕ್ಟಿವ್' ದಿನಾಂಕದ ನಂತರದ್ದಾಗಿರಬೇಕು. 2022ರಲ್ಲಿ ಪಾಲಿಸಿ ಶುರುಮಾಡಿ, 2024ರಲ್ಲಿ ಒಂದು ವರ್ಷ ಬಿಟ್ಟು, 2025ರಲ್ಲಿ ಬೇರೆ ಕಂಪನಿಯಲ್ಲಿ ಹೊಸದಾಗಿ ತೆಗೆದರೆ ಹಿಂದಿನ ಮೂರು ವರ್ಷದ ಕೆಲಸವೆಲ್ಲ ಬರಿಗೈ. ಕಂಪನಿ ಬದಲಿಸಿದರೂ ಹಳೆಯ ದಿನಾಂಕ ಮುಂದುವರಿಯುವಂತೆ ನೋಡಿಕೊಳ್ಳಬೇಕು, ಒಂದು ದಿನದ ಅಂತರವೂ ಬೀಳಬಾರದು. ಕಚೇರಿ ಮುಚ್ಚಿದರೂ ಕೆಲವು ವರ್ಷ ರನ್-ಆಫ್ ರಕ್ಷಣೆ (ಹಳೆಯ ಕೆಲಸದ ಮೇಲೆ ಆಮೇಲೆ ಬರುವ ಕ್ಲೇಮಿಗೆ) ಇಟ್ಟುಕೊಳ್ಳುವುದು ಕ್ಷೇಮ, ಏಕೆಂದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಮು ಮನೆ ಕೈಗಿತ್ತ ದಿನದಿಂದ 5 ವರ್ಷ ಕಟ್ಟಡದ ದೋಷಕ್ಕೆ ಡೆವಲಪರನ್ನು ಹೊಣೆಯಾಗಿಸುತ್ತದೆ. ಡೆವಲಪರ್ ತಿರುಗಿ ನೋಡುವುದು ನಿಮ್ಮ ಕಡೆಗೇ.

ಮಿತಿಯನ್ನು ಒಂದು ಘಟನೆಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಅನುಪಾತದಲ್ಲಿ ಬರೆಯುತ್ತಾರೆ. ಒಟ್ಟು 4 ಕೋಟಿ, ಅನುಪಾತ 1:4 ಎಂದರೆ ಒಂದು ಘಟನೆಗೆ 1 ಕೋಟಿ ಮಾತ್ರ. ಒಂದೇ ದೊಡ್ಡ ಯೋಜನೆ ಇರುವವರು 1:1 ಕೇಳಬೇಕು. ಮತ್ತು ಶುಲ್ಕದ ಕರಾರಿನಲ್ಲಿ 'ಯೋಜನೆ ನಿಗದಿತ ದಿನಕ್ಕೆ, ನಿಗದಿತ ಖರ್ಚಿನಲ್ಲಿ ಮುಗಿಯುವುದಕ್ಕೆ ಖಾತರಿ' ಎಂಬ ಮಾತಿಗೆ ಸಹಿ ಹಾಕಬೇಡಿ. ಖಾತರಿಯಿಂದ ಹುಟ್ಟುವ ಹೊಣೆ, ತಡದ ದಂಡ ಈ ಪಾಲಿಸಿಯಿಂದ ಹೊರಗೆ. 'ವೃತ್ತಿಗೆ ತಕ್ಕ ಕೌಶಲ, ಎಚ್ಚರದಿಂದ' ಎಂದಿದ್ದರೆ ಒಳಗೆ.

ಸಾವು ಸಂಭವಿಸಿದಾಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಕ್ರಿಮಿನಲ್ ಪ್ರಕರಣ ದಾಖಲಾಗಬಹುದು. ಅದರ ಶಿಕ್ಷೆಯನ್ನು ಯಾವ ವಿಮೆಯೂ ಹೊರದು. ವಕೀಲರ ಖರ್ಚು ಬರುತ್ತದೆಯೇ ಎಂಬುದನ್ನು ಮಾತ್ರ ಕೇಳಿ ತಿಳಿಯಬಹುದು. ಇತ್ತೀಚೆಗೆ ಬ್ಯಾಂಕ್ ಗ್ಯಾರಂಟಿಗೆ ಬದಲಾಗಿ ಸಿಗುವ ಶ್ಯೂರಿಟಿ ಬಾಂಡ್‌ಗಳನ್ನೂ ವಿಮಾ ಕಂಪನಿಗಳೇ ಮಾರುತ್ತವೆ. ಆದರೆ ಅದು ಮಾಲೀಕರಿಗೆ ರಕ್ಷಣೆ, ನಿಮಗಲ್ಲ. ಕಂಪನಿ ಕಟ್ಟಿದ ಹಣವನ್ನು ಗುತ್ತಿಗೆದಾರನಿಂದ ವಸೂಲಿ ಮಾಡುತ್ತದೆ.

ದಿನಾಂಕಗಳು

ಪ್ರೀಮಿಯಂ ಮುಂಗಡವಾಗಿ ಸೇರದೆ ಅಪಾಯ ಹೊರುವಂತಿಲ್ಲ ಎಂಬುದು ವಿಮಾ ಕಾಯ್ದೆಯ 64ವಿಬಿ ಕಲಮು. ಚೆಕ್ ಮರಳಿದರೆ ಪಾಲಿಸಿಯೂ ಇಲ್ಲ. ಮೊದಲ ಲೋಡು ಕಂಬಿ ಇಳಿಯುವ ಮುಂಚೆ ಪಾಲಿಸಿ ಕೈಯಲ್ಲಿರಲಿ.

ಬೆಂಗಳೂರಿನಲ್ಲಿ 18 ತಿಂಗಳ ಕೆಲಸ 18 ತಿಂಗಳಿಗೆ ಮುಗಿದದ್ದು ಅಪರೂಪ. ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ಕಾರಣ, ಆದ ಕೆಲಸದ ಪ್ರಮಾಣ, ಹೊಸ ಮುಕ್ತಾಯದ ದಿನ ಬರೆದು ವಿಸ್ತರಣೆ ಕೇಳಿ. ಅವಧಿ ಮುಗಿದ ಮೇಲೆ ಹೋದರೆ ಕಂಪನಿ ಸೈಟ್ ಪರಿಶೀಲನೆ ಕೇಳುತ್ತದೆ, ನಡುವಿನ ದಿನಗಳಿಗೆ ರಕ್ಷಣೆ ಇರುವುದಿಲ್ಲ. ಪಾಲಿಕೆಯ ತಡೆಯಾಜ್ಞೆ, ಹಣದ ಮುಗ್ಗಟ್ಟು, ಏನೇ ಕಾರಣಕ್ಕೆ ಕೆಲಸ ನಿಂತರೂ ಕೂಡಲೇ ತಿಳಿಸಿ. ನಿಂತ ಸೈಟಿನ ಬೇಸ್‌ಮೆಂಟ್ ಗುಂಡಿ ಮಳೆಗಾಲದಲ್ಲಿ ಕುಸಿದರೆ 'ಕೆಲಸ ಸ್ಥಗಿತ' ಎಂಬ ಹೊರಗಿಟ್ಟ ಕಲಮು ಮೊದಲು ಎದುರಾಗುತ್ತದೆ. ಮಂಜೂರಾದ ನಕ್ಷೆಗಿಂತ ಒಂದು ಮಹಡಿ ಹೆಚ್ಚು ಏರಿಸಿದರೆ ಅದು ಅಪಾಯದಲ್ಲಾದ ಮಹತ್ವದ ಬದಲಾವಣೆ. ಅದನ್ನು ಮುಚ್ಚಿಟ್ಟು ಕ್ಲೇಮ್ ಕೇಳುವಂತಿಲ್ಲ.

ಅವಘಡವಾದ ದಿನ

ಜನರನ್ನು ಉಳಿಸುವುದು ಮೊದಲು. ನಂತರ ಈ ಕ್ರಮ:

1. ಅದೇ ದಿನ ಫೋನ್ ಮಾಡಿ, ಅದೇ ದಿನ ಇಮೇಲ್ ಕಳಿಸಿ. ಸಾಮಾನ್ಯ ಪಠ್ಯದಲ್ಲಿ 14 ದಿನದೊಳಗೆ ಸೂಚನೆ ತಲುಪದಿದ್ದರೆ ಹೊಣೆಯೇ ಇಲ್ಲ ಎಂದಿರುತ್ತದೆ. ಕಾರಣವನ್ನು ಊಹಿಸಿ ಬರೆಯಬೇಡಿ. 'ಸೆಂಟ್ರಿಂಗ್ ಸರಿಯಿರಲಿಲ್ಲ' ಎಂದು ಗಾಬರಿಯಲ್ಲಿ ಬರೆದ ಒಂದು ಸಾಲು ಕೊನೆವರೆಗೂ ಕಾಡುತ್ತದೆ. ಏನಾಯಿತು, ಎಲ್ಲಿ, ಎಷ್ಟು ಗಂಟೆಗೆ, ಅಷ್ಟೇ.
2. ಸರ್ವೇಯರ್ ಬರುವವರೆಗೆ ಹಾನಿಯಾದದ್ದನ್ನು ಕದಲಿಸಬೇಡಿ. ಜೀವಕ್ಕೆ ಅಪಾಯವಿದ್ದರೆ ತೆರವುಗೊಳಿಸಬಹುದು, ಎಲ್ಲ ಕೋನದಿಂದ ವಿಡಿಯೊ ತೆಗೆದ ಮೇಲೆ.
3. ಗಾಯ, ಸಾವು, ಕಳವಾದರೆ ಎಫ್‌ಐಆರ್. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ. ಕಾರ್ಮಿಕರಿಗಾದರೆ ಕಾರ್ಮಿಕ ಇಲಾಖೆಗೂ ಸೂಚನೆ.
4. ಮಳೆ, ಗಾಳಿಯಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಹತ್ತಿರದ ಮಳೆಮಾಪಕದ ಆ ದಿನದ ಅಂಕಿ ತರಿಸಿ. ಪತ್ರಿಕೆಯ ತುಣುಕಿಗಿಂತ ಇದಕ್ಕೆ ತೂಕ ಹೆಚ್ಚು.
5. ಅಳತೆ ಪುಸ್ತಕ, ಆರ್‌ಎ (ರನ್ನಿಂಗ್ ಅಕೌಂಟ್) ಬಿಲ್, ಬಾರ್ ಬೆಂಡಿಂಗ್ ಶೆಡ್ಯೂಲ್, ಕ್ಯೂಬ್ ಪರೀಕ್ಷೆ ವರದಿ, ಕಾಂಕ್ರೀಟ್ ಡೆಲಿವರಿ ಚಲನ್, ದಿನದ ಪ್ರಗತಿ ವರದಿ, ಮಸ್ಟರ್ ರೋಲ್ ಇವುಗಳ ಪ್ರತಿಯನ್ನು ಅಂದೇ ಬೇರೆ ಕಡೆ ಇಡಿ.

ಹಾನಿಯ ಅಂದಾಜನ್ನು ಬಿಒಕ್ಯೂ ಐಟಂ ಸಂಖ್ಯೆ, ಪ್ರಮಾಣ, ದರ ಸಮೇತ ಕೊಡಿ. 'ಲಂಪ್‌ಸಮ್ 25 ಲಕ್ಷ' ಎಂದು ಕೊಟ್ಟರೆ ಸರ್ವೇಯರ್ ತಮ್ಮದೇ ಲೆಕ್ಕ ಹಾಕುತ್ತಾರೆ, ಅದು ನಿಮ್ಮ ಪರವಾಗಿ ಇರುವುದು ಅನುಮಾನ. ಒಡೆದ ಕಾಂಕ್ರೀಟಿನಿಂದ ಸಿಕ್ಕ ಕಂಬಿಯನ್ನು ತೂಗಿಸಿ ಚೀಟಿ ಇಡಿ, ಸಾಲ್ವೇಜ್ ಎಂದು ಕಳೆಯುವುದು ಅದನ್ನೇ. ಕಳವಿನ ಕ್ಲೇಮಿಗೆ ಗೇಟಿನ ರಿಜಿಸ್ಟರ್, ಕಾವಲುಗಾರರ ಪಾಳಿ ಪಟ್ಟಿ, ಕಳವಾದ ರಾತ್ರಿಯ ಹಿಂದುಮುಂದಿನ ದಾಸ್ತಾನು ಲೆಕ್ಕ ಬೇಕು. ತಿಂಗಳ ಕೊನೆಯಲ್ಲಿ ಎಣಿಸಿದಾಗ ಎರಡು ಟನ್ ಕಂಬಿ ಕಮ್ಮಿ ಎಂಬುದು ಕಳವಿನ ಕ್ಲೇಮ್ ಆಗುವುದಿಲ್ಲ.

ಮೊತ್ತ ಒಪ್ಪಿಗೆಯಾಗದಿದ್ದರೂ ಹಣದ ತುರ್ತಿಗೆ ಡಿಸ್ಚಾರ್ಜ್ ವೋಚರ್‌ಗೆ (ಪೂರ್ತಿ ಹಣ ಸಂದಿತು ಎಂಬ ಪತ್ರಕ್ಕೆ) ಸಹಿ ಮಾಡುವುದುಂಟು. ಹಾಗೆ ಮಾಡುವುದಾದರೆ ಬಾಕಿ ಮೊತ್ತದ ಹಕ್ಕು ಬಿಟ್ಟಿಲ್ಲ ಎಂದು ಅಂದೇ ಬರವಣಿಗೆಯಲ್ಲಿ ತಿಳಿಸಿ. ಕ್ಲೇಮ್ ಆದ ಮೇಲೆ ವಿಮಾ ಮೊತ್ತ ಅಷ್ಟು ತಗ್ಗಿರುತ್ತದೆ, ಪ್ರೀಮಿಯಂ ಕಟ್ಟಿ ಮತ್ತೆ ಪೂರ್ತಿ ಮಾಡಿಸಿ. ತಕರಾರಿದ್ದರೆ ಕಂಪನಿಯ ದೂರು ವಿಭಾಗ ಮೊದಲು. ಏಕಮಾಲೀಕತ್ವದ ಸಂಸ್ಥೆ ಅಥವಾ ಸೂಕ್ಷ್ಮ ಉದ್ಯಮವಾದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ 50 ಲಕ್ಷ ರೂಪಾಯಿವರೆಗಿನ ದೂರು ಕೊಡಬಹುದು, ಕಂಪನಿಯ ಅಂತಿಮ ಉತ್ತರದಿಂದ ಒಂದು ವರ್ಷದೊಳಗೆ, ಖರ್ಚಿಲ್ಲದೆ. ದೊಡ್ಡ ಕಂಪನಿಗಳಿಗೆ ಆ ದಾರಿಯಿಲ್ಲ, ನ್ಯಾಯಾಲಯ ಅಥವಾ ಪಾಲಿಸಿಯಲ್ಲಿದ್ದರೆ ಮಧ್ಯಸ್ಥಿಕೆ.

ಹಸ್ತಾಂತರ

ಕೆಲಸ ಮುಗಿಯುವ ಹೊತ್ತಿಗೆ ವಿಮಾ ರಕ್ಷಣೆಯಲ್ಲಿ ಬೀಳುವ ತೆರಪನ್ನು ಎಲ್ಲರೂ ಕಡೆಗಣಿಸುತ್ತಾರೆ. ಪಾಲಿಸಿಯ ನಿರ್ಮಾಣ ಹಂತದ ರಕ್ಷಣೆ ಮುಗಿಯುವುದು ಪಾಲಿಸಿಯ ಕೊನೇ ದಿನಕ್ಕೇ ಎಂದಲ್ಲ; ಆ ದಿನ, ಆ ಭಾಗವನ್ನು ಒಪ್ಪಿಸಿದ ದಿನ, ಅಥವಾ ಬಳಸಲು ಶುರುಮಾಡಿದ ದಿನ, ಯಾವುದು ಮೊದಲೋ ಅದಕ್ಕೆ. ಕೆಳಗಿನ ಎರಡು ಮಹಡಿಗೆ ಜನ ಹಾಲುಕ್ಕಿಸಿ ಬಂದುಬಿಟ್ಟರೆ, ಮೇಲೆ ಟೈಲ್ಸ್ ಕೆಲಸ ನಡೆಯುತ್ತಿದ್ದರೂ, ಆ ಎರಡು ಮಹಡಿ ಹೊರಬಿದ್ದಂತೆ. ಮುಂಚೆಯೇ ತಿಳಿಸಿ 'ಒಪ್ಪಿಸಿದ ಅಥವಾ ಬಳಕೆಗೆ ಬಂದ ಭಾಗ'ದ ಎಂಡಾರ್ಸ್‌ಮೆಂಟ್ ಪಡೆಯಬೇಕು.

ದೋಷ ಹೊಣೆಗಾರಿಕೆಯ ಅವಧಿಗೆ ಎರಡು ಬಗೆಯ ರಕ್ಷಣೆ ಸಿಗುತ್ತದೆ. 'ಮೇಂಟೆನೆನ್ಸ್ ವಿಸಿಟ್ಸ್' ಬಗೆಯದು, ದುರಸ್ತಿಗೆ ಬಂದ ನಿಮ್ಮ ಜನ ಕೆಲಸ ಮಾಡುವಾಗ ಮಾಡಿದ ಹಾನಿಗೆ ಮಾತ್ರ. 'ಎಕ್ಸ್‌ಟೆಂಡೆಡ್ ಮೇಂಟೆನೆನ್ಸ್' ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ: ನಿರ್ಮಾಣ ಕಾಲದಲ್ಲಿ ಸೈಟಿನಲ್ಲೇ ಹುಟ್ಟಿದ ಕಾರಣದಿಂದ ಈಗ ಕಾಣಿಸಿಕೊಂಡ ಹಾನಿ. ಕರಾರು ದೋಷ ಹೊಣೆಗಾರಿಕೆ ಅವಧಿಗೂ ವಿಮೆ ಕೇಳಿದ್ದರೆ ಎರಡನೆಯದನ್ನೇ ತೆಗೆದುಕೊಳ್ಳಿ, ಮತ್ತು ಅದನ್ನು ಪಾಲಿಸಿ ಶುರುವಾಗುವಾಗಲೇ ಹಾಕಿಸಿ. ಎರಡರಲ್ಲಿ ಯಾವುದೂ ಆ 12 ತಿಂಗಳಲ್ಲಿ ಬರುವ ಬೆಂಕಿ, ನೆರೆಗೆ ರಕ್ಷಣೆ ಕೊಡುವುದಿಲ್ಲ. ಕೀಲಿ ಕೊಡುವ ದಿನವೇ ಮಾಲೀಕರಿಗೆ ಪತ್ರ ಬರೆದು, ಇಂದಿನಿಂದ ಕಟ್ಟಡದ ಬೆಂಕಿ ವಿಮೆ ಅವರದು ಎಂದು ತಿಳಿಸಿ: ಮನೆಗಾದರೆ ಭಾರತ್ ಗೃಹ ರಕ್ಷಾ, 5 ಕೋಟಿವರೆಗಿನ ವ್ಯಾಪಾರದ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, 5ರಿಂದ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಪತ್ರದ ಸ್ವೀಕೃತಿಯನ್ನು ಹಸ್ತಾಂತರ ಪ್ರಮಾಣಪತ್ರದ ಜೊತೆ ಲಗತ್ತಿಸಿ, ನೌಕರರ ಪರಿಹಾರ ಪಾಲಿಸಿಯನ್ನು ಮಾತ್ರ ಕೊನೆಯ ದುರಸ್ತಿ ತಂಡ ಸೈಟು ಬಿಡುವವರೆಗೆ ನವೀಕರಿಸುತ್ತಿರಿ.